ಮಾಲೆ ತೆಗೆದ ಮರುದಿನ

ಕುಡಿತ ಬಿಡೋಕೆ ಅಂತ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗಬಾರದು ಅಂತ ಅವರ ಊರು, ಕಸುಬು ಎರಡೂ ಬದಲಿಸಿದ್ದೇನೆ. ಗೂಡ್ಸ್ ಗಾಡಿ ಓಡಿಸುವವರು ಅಂದುಕೊಳ್ಳಿ, ವಯಸ್ಸು 42. ಜನವರಿ ಕೊನೆಯಲ್ಲಿ ಹೆಂಡತಿ ಕರೆದುಕೊಂಡು ಬಂದಿದ್ದರು. ಮೊದಲು ಮಾತಾಡಿದ್ದೂ ಅವರೇ. "ಮಾಲೆ ಹಾಕಿದಾಗ ಇರ್ತಾರಲ್ಲ ಮೇಡಂ, ಆ ಗಂಡ ಸಾಕು ನನಗೆ."

14 ವರ್ಷದಿಂದ ಶಬರಿಮಲೆಗೆ ಹೋಗ್ತಿದ್ದಾರೆ. 41 ದಿನ ಒಂದು ತೊಟ್ಟೂ ಮುಟ್ಟಲ್ಲ. ಮಾಲೆ ತೆಗೆದ ಮರುದಿನವೇ ಬಾರು.

ಎರಡು ವರ್ಷದ ಹಿಂದೆ ಮಾಲೆ ಹಾಕಿದ ಎರಡನೇ ದಿನ ಫಿಟ್ಸ್ ಬಂದಿತ್ತಂತೆ. ವ್ರತದಲ್ಲಿ ಏನೋ ತಪ್ಪಾಯ್ತು, ದೇವರ ಮುನಿಸು ಅಂತ ಮನೆಯವರು ಹರಕೆ ಹೊತ್ತರು. ಅದು ಮುನಿಸಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು, ಜೀವಕ್ಕೇ ಅಪಾಯ. ಹಾಗಾಗಿ ಮೊದಲ ಸಲಹೆ ಮನೋವೈದ್ಯರನ್ನು ನೋಡಿ ಅನ್ನೋದೇ ಆಗಿತ್ತು. ಮಾತ್ರೆ, ಬಿ1 ವಿಟಮಿನ್ ಎಲ್ಲ ಶುರುವಾಗಿ ಕೈ ನಡುಕ ನಿಂತ ಮೇಲೇ ನಾವು ಮಾತಿಗೆ ಕೂತಿದ್ದು.

ಆ 41 ದಿನ ಹೇಗೆ ಸಾಧ್ಯ ಆಗುತ್ತೆ ಅಂತ ಕೇಳಿದೆ. "ದೇವರ ಭಯ" ಅಂದರು. ಸರಿ, ಬೆಳಗ್ಗೆಯಿಂದ ಏನೇನು ಮಾಡ್ತೀರಿ ಹೇಳಿ ಅಂದೆ. ನಸುಕಿಗೆ ಎದ್ದು ತಣ್ಣೀರ ಸ್ನಾನ, ಶರಣು ಕೂಗೋದು, ಸಂಜೆ ಏಳಕ್ಕೆ ಭಜನೆ. ಬಾರಿಗೆ ಹೋಗ್ತಿದ್ದದ್ದೂ ಅದೇ ಏಳಕ್ಕೆ! ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ರೂ ಸ್ವಾಮಿ ಅಂತಾರೆ ಮೇಡಂ. ಮಗಳೂ 'ಸ್ವಾಮಿ, ಊಟಕ್ಕೆ ಬನ್ನಿ' ಅಂತಾಳೆ" ಅಂದವರು ಅತ್ತುಬಿಟ್ಟರು. ಇದು ಬರೀ ಭಯ ಅಲ್ಲ ಅಲ್ವಾ?

ಕುಡಿತ ಬಿಡಬೇಕು ಅನ್ನುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರಿಂದಲೇ ಶುರುವಾಯಿತು. ಅವರಲ್ಲಿ ಒಬ್ಬರಾದ ಬಿಲ್ ವಿಲ್ಸನ್‌ಗೆ ಮನೋವೈದ್ಯ ಕಾರ್ಲ್ ಯೂಂಗ್ 1961ರಲ್ಲಿ ಒಂದು ಪತ್ರ ಬರೆದರು. ಕುಡಿಯುವ ಚಟದ ಅಡಿಯಲ್ಲಿ ಇರೋದು ಆತ್ಮದ ಬಾಯಾರಿಕೆ, ಅದೇ ದಾರಿ ತಪ್ಪಿದೆ ಅನ್ನೋದು ಅದರ ಸಾರ. ಇದನ್ನು ಹೇಳಿದರೆ ಇವರು, "ಆ ಡಾಕ್ಟ್ರೂ ತಗೋತಿದ್ರಾ?" ಅಂದರು. ನಗು ಬಂತು.

ಕುಡಿತದಿಂದ ಹೊರಬರೋಕೆ ಎಎ ಹೇಳುವ 12 ಹೆಜ್ಜೆಗಳಲ್ಲಿ ಐದನೆಯದು, ಮಾಡಿದ ತಪ್ಪನ್ನು ದೇವರ ಮುಂದೆ ಮಾತ್ರ ಅಲ್ಲ, ಇನ್ನೊಬ್ಬ ಮನುಷ್ಯರ ಮುಂದೆಯೂ ಬಾಯಿಬಿಟ್ಟು ಹೇಳೋದು. ಇವರು ವರ್ಷಾ ವರ್ಷಾ ಅಯ್ಯಪ್ಪನ ಮುಂದೆ ತಪ್ಪೊಪ್ಪಿಕೊಳ್ತಾರೆ, ಹೆಂಡತಿಯ ಬಳೆ ಮಾರಿದ್ದನ್ನು ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಳಿ ಅಂದೆ. (ಅವರಿಗೆ ಮೊದಲೇ ಗೊತ್ತಿತ್ತು, ಅದು ಬೇರೆ ಮಾತು.) ಮಗಳ ತಲೆ ಮುಟ್ಟಿ ಆಣೆ ಮಾಡೋದು ಬೇಡ ಅಂದೆ. ಆಣೆ ಮುರಿದರೆ ಆ ಪಾಪಪ್ರಜ್ಞೆಗೇ ಇನ್ನೊಂದು ಕ್ವಾರ್ಟರ್ ಬೇಕಾಗುತ್ತೆ. ಸಂಜೆ ಏಳರ ಹೊತ್ತು ಖಾಲಿ ಬಿಡಬೇಡಿ, ಭಜನೆಗಾದರೂ ಹೋಗಿ, ಎಎ ಸಭೆಗಾದರೂ ಹೋಗಿ. ಆಸೆ ತಡೆಯೋಕಾಗದಿದ್ದರೆ ಗುರುಸ್ವಾಮಿಗೆ ಫೋನ್ ಮಾಡಿ, ಮಾಲೆ ಇದ್ದರೂ ಇಲ್ಲದಿದ್ದರೂ.

ಏಪ್ರಿಲ್‌ನಲ್ಲಿ ಒಂದು ಮದುವೆಯಲ್ಲಿ ಕುಡಿದರು. ಮೊದಲಾಗಿದ್ದರೆ, ಇನ್ನು ಕಾರ್ತಿಕಕ್ಕೆ ನೋಡೋಣ ಅಂತ ಬಿಟ್ಟುಬಿಡುತ್ತಿದ್ದರು. ಈ ಸಲ ಮರುದಿನ ಬೆಳಗ್ಗೆ ಆರಕ್ಕೇ ಗುರುಸ್ವಾಮಿಗೆ ಫೋನ್ ಮಾಡಿದ್ದಾರೆ, ಸಂಜೆ ಭಜನೆಗೂ ಹೋಗಿದ್ದಾರೆ. ನನಗೆ ಗೊತ್ತಾಗಿದ್ದು ವಾರದ ಮೇಲೆ.