ಏಳು ಗಂಟೆಯ ಹಾಜರಿ

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾನೆ, ಈಗ ಸುಧಾರಿಸಿದ್ದಾನೆ. ಕಾಫಿ ತೋಟದಲ್ಲಿ ಬೆಳಗಿನ ಹಾಜರಿಗೆ ತಡವಾಗುತ್ತದೆಂದು ಹದಿನೈದೇ ದಿನಕ್ಕೆ ಬಿಡಿಸಿದರು. ಪೂರ್ತಿ ಗುಣವಾಗುವವರೆಗೆ ಮನೆಯಲ್ಲಿರಲಿ ಎನ್ನುತ್ತಾರೆ ಅಪ್ಪ. ಸರಿಯೇ?
– ಓದುಗಿ, ಸೋಮವಾರಪೇಟೆ

ಉತ್ತರ: ಸರಿಯಲ್ಲ, ತಂಗಿ. ನಾನೂ ಅಂಥದೇ ಮಾತ್ರೆ ನುಂಗುತ್ತಾ ತೋಟದಲ್ಲಿ ಹಾಜರಿ ಬರೆಯುವ ರೈಟರ್ ಆಗಿದ್ದವನು. ಏಳು ಗಂಟೆಗೆ ಹಾಜರಿ ಪುಸ್ತಕ ಬಿಡಿಸಿದರೆ ಅಕ್ಷರಗಳೇ ತೂಕಡಿಸುತ್ತಿದ್ದವು. ಅದು ಸೋಮಾರಿತನವಲ್ಲ, ರಾತ್ರಿಯ ಮಾತ್ರೆಯ ಮಂಪರು. ವೈದ್ಯರು ಮಾತ್ರೆಯ ಹೊತ್ತನ್ನು ಸಂಜೆಗೆ ಸರಿಸಿದರು, ಅಷ್ಟೇ. ನೀವೂ ಕೇಳಿ, ನೀವಾಗಿಯೇ ಬದಲಿಸಬೇಡಿ.

ಗುಣವಾದ ಮೇಲೆ ಕೆಲಸ ಎಂದು ಕಾಯುವುದಕ್ಕಿಂತ, ಕೆಲಸ ಹಿಡಿಸಿ ಜೊತೆಗೆ ನಿಲ್ಲುವುದೇ ಮೇಲು. ಹಣ್ಣು ಕೊಯ್ಯುವ ಗುಂಪಿನ ಗದ್ದಲ ಆಗದಿದ್ದರೆ ಕಾಫಿ ಒಣಗಿಸುವ ಕಣದ ಕೆಲಸ ಕೇಳಿ. ಬಿಸಿಲೇರಿದ ಮೇಲೆ ಕಾಫಿ ಹರಡಿ, ಆಗಾಗ ಕೈಯಾಡಿಸಿ, ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವುದು. ಮಾಲೀಕರಿಗೆ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. 'ಒಂಬತ್ತಕ್ಕೆ ಬರುತ್ತಾನೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ' ಎಂದರೆ ಸಾಕು. ಏನು ಹೇಳಬೇಕೆಂದು ತಮ್ಮನನ್ನೂ ಕೇಳಿ. ನಮ್ಮವರು ಅದನ್ನೇ ಮರೆಯುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಅಂಗವೈಕಲ್ಯ ಶೇ 40ಕ್ಕೆ ಕಡಿಮೆಯಿಲ್ಲ ಎಂಬ ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಹುದ್ದೆಯ ಮೀಸಲಾತಿಗೆ ದಾರಿಯಿದೆ. ರಾತ್ರಿ ದಿಗಿಲಾದರೆ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕೊಯ್ಲು ಶುರುವಾಗುವ ಮೊದಲೇ ತೋಟಕ್ಕೆ ಹೋಗಿ ಮಾತಾಡಿ.