ಮಾರಿದ ಮನೆ ಸೋರುತ್ತಿದೆ ಎಂದು ವಿಚ್ಛೇದನದ ನಂತರ ನನ್ನ ಮೇಲೂ ದಾವೆ ಹಾಕಿದ್ದಾರೆ. ನಾನೇಕೆ ಉತ್ತರಿಸಬೇಕು?

ಹುಬ್ಬಳ್ಳಿಯ ಜಂಟಿ ಹೆಸರಿನ ಮನೆಯನ್ನು ನೀವಿಬ್ಬರೂ ಸಹಿ ಹಾಕಿ ಮಾರಿದ್ದೀರಿ. ಚಾವಣಿ ಸೋರುವುದನ್ನೂ ಗೋಡೆಯ ಬಿರುಕನ್ನೂ ಮುಚ್ಚಿಟ್ಟಿರಿ ಎಂದು ಖರೀದಿದಾರರು ದುರಸ್ತಿ ಖರ್ಚು ಕೇಳುತ್ತಿದ್ದಾರೆ. ನೀವು ಆ ಮನೆಯಿಂದ ಬಹಳ ಮೊದಲೇ ಹೊರಬಂದವರು. ಇಂಥದೇ ದಾವೆಯಲ್ಲಿ ನಾನು ಎರಡನೇ ಪ್ರತಿವಾದಿಯಾಗಿದ್ದೆ. ನನ್ನ ಮಟ್ಟಿಗೆ ಅದು ವಜಾ ಆಯಿತು.

ಉತ್ತರಿಸಲೇಬೇಕು. ಖರೀದಿ ಪತ್ರದಲ್ಲಿ ನಿಮ್ಮ ಸಹಿ ಇದೆ. ಮನೆಯ ಹೊಣೆಯೆಲ್ಲ ಪತಿಯದು ಎಂದು ವಿಚ್ಛೇದನದ ಒಪ್ಪಂದದಲ್ಲಿ ಬರೆದಿದ್ದರೂ ಅದಕ್ಕೆ ಖರೀದಿದಾರರು ಬದ್ಧರಲ್ಲ. ಮುಂದೆ ಮಾಜಿ ಪತಿಯಿಂದ ನಿಮ್ಮ ನಷ್ಟ ವಸೂಲು ಮಾಡಲು ಮಾತ್ರ ಅದು ನೆರವಾಗುತ್ತದೆ. ಸಮನ್ಸ್ ಕೈಗೆ ಬಂದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ ನ್ಯಾಯಾಲಯ ಒಟ್ಟು 90 ದಿನಗಳವರೆಗೆ ಅವಕಾಶ ಕೊಡಬಹುದು. ಮೊತ್ತ ಚಿಕ್ಕದೆಂದು ಸುಮ್ಮನಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಆಗಬಹುದು.

ಇಡೀ ಪ್ರಕರಣ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಮಾರುವ ದಿನ ನಿಮಗೆ ಏನು ಗೊತ್ತಿತ್ತು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಗೋಡೆ ಬಿರುಕು ಬಿಟ್ಟಿದೆ ಎಂಬುದಷ್ಟೇ ಸಾಲದು.

ನಮ್ಮ ಭಾಗದ ಎರೆ ಮಣ್ಣು ಇಲ್ಲಿ ದೊಡ್ಡ ಸಾಕ್ಷಿ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ತಳಪಾಯ ಆಳವಿಲ್ಲದ ಮನೆಗಳಲ್ಲಿ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅಂಥ ಬಿರುಕು ಕಣ್ಣಿಗೆ ಕಾಣುವಂಥದ್ದು. ಬೇಸಿಗೆಯಲ್ಲಿ ಮನೆ ನೋಡಿ ಹೋದವರು ಅದು ಕಾಣಲಿಲ್ಲ ಎಂದು ವಾದಿಸುವುದು ಸುಲಭವಲ್ಲ. ಸೋರಿಕೆಯ ಮಾತು ಬೇರೆ: ಬೇಸಿಗೆಯಲ್ಲಿ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಮಾರುವ ಮುನ್ನ ಯಾರಾದರೂ ಪುಟ್ಟಿ ಬಳಿದು ಬಣ್ಣ ಹೊಡೆಸಿದ್ದರೆ ಬಿರುಕೂ ಅದೇ ಸಾಲಿಗೆ ಸೇರುತ್ತದೆ. ಹಾಗಾಗಿ ಬಣ್ಣ ಯಾವಾಗ ಹೊಡೆಸಿದರು, ಕೂಲಿ ಕೊಟ್ಟವರು ಯಾರು ಎಂಬುದನ್ನು ಮೊದಲು ಪತ್ತೆ ಮಾಡಿ.

ನೀವು ಅಲ್ಲಿರಲಿಲ್ಲ ಎನ್ನಲು ವಿಚ್ಛೇದನದ ಕಾಗದಗಳೇ ಆಧಾರ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿದ್ದರೆ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಂತೆ ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿದ್ದೇವೆ ಎಂದು ಅರ್ಜಿಯಲ್ಲಿ ನಿಮ್ಮ ಮಾಜಿ ಪತಿಯೂ ಸಹಿ ಹಾಕಿರುತ್ತಾರೆ. ಆದರೆ ಒಂದೇ ಸೂರಿನಡಿ ಇದ್ದೂ ಪ್ರತ್ಯೇಕವಾಗಿರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿರುವುದರಿಂದ, ಅರ್ಜಿಯಲ್ಲಿ ನಿಮ್ಮ ವಿಳಾಸ ಯಾವುದಿದೆ ನೋಡಿ. ಬಾಡಿಗೆ ಕರಾರು, ಗ್ಯಾಸ್ ರಸೀದಿ, ಮಕ್ಕಳ ಶಾಲೆಯ ದಾಖಲೆಗಳನ್ನೂ ಜೋಡಿಸಿ. ನನಗೆ ಗದಗದ ಬಾಡಿಗೆ ಕರಾರು ಬಹಳ ನೆರವಾಯಿತು.

ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ವಕೀಲರ ಮುಂದೆ ಪೂರ್ತಿ ಓದಿ. "ಟೆರೇಸ್ ಸೋರುತ್ತಿದೆ" ಎಂದು ಮಾಜಿ ಪತಿ ಎಂದಾದರೂ ನಿಮಗೆ ಬರೆದಿದ್ದರೆ, ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬೇಡಿ. ಪಾಟೀ ಸವಾಲಿನಲ್ಲಿ ಆ ಒಂದು ಸುಳ್ಳು ಉಳಿದ ಸತ್ಯವನ್ನೆಲ್ಲ ಕೆಡಿಸುತ್ತದೆ. ಗೊತ್ತಿರಲಿಲ್ಲವೆಂದಾದರೆ ಲಿಖಿತ ಹೇಳಿಕೆಯಲ್ಲಿ ಪ್ರತಿಯೊಂದು ಆರೋಪವನ್ನೂ ಬಿಡಿಬಿಡಿಯಾಗಿ ನಿರಾಕರಿಸಿ. ಹಾಗೆ ನಿರಾಕರಿಸದ ಆರೋಪವನ್ನು ಒಪ್ಪಿಕೊಂಡಂತೆ ಪರಿಗಣಿಸಬಹುದು. ದಾಂಪತ್ಯದ ನೋವನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಬರೆಯಬೇಕೆನಿಸುತ್ತದೆ, ನನಗೂ ಅನಿಸಿತ್ತು. ಈ ದಾವೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಮಾಜಿ ಪತಿಯ ವಕೀಲರಿಗೇ ವಕಾಲತ್ತು ಕೊಡಬೇಡಿ, ಖರ್ಚು ಉಳಿಯುತ್ತದೆ ಎಂದು ಅವರು ಹೇಳಿದರೂ. ಅವರಿಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ ಎಂಬುದು ನಿಮ್ಮ ವಾದವಾದರೆ, ಇಬ್ಬರ ಹಿತ ಒಂದಲ್ಲ.

ಖರೀದಿಯ ನಂತರ ಅವರು ಮೇಲೊಂದು ಕೋಣೆ ಕಟ್ಟಿದ್ದರೆ ಅಥವಾ ನೀರಿನ ಟ್ಯಾಂಕ್ ಇಟ್ಟಿದ್ದರೆ, ಬಿರುಕು ಸೋರಿಕೆ ಅದರಿಂದಲೇ ಬಂದಿರಬಹುದು; ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸುವಂತೆ ಅರ್ಜಿ ಹಾಕಿ.

ವಕೀಲರ ಶುಲ್ಕ ಭಾರವೆನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಬಹುದು, ಆದರೆ ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ನಿಮ್ಮ ಪಾಲು ಎಷ್ಟು, ಅದರೊಂದಿಗೆ ನಿಮ್ಮ ಮೇಲಿನ ಹಕ್ಕೆಲ್ಲ ತೀರಿತು ಎಂಬ ಸಾಲು ಇದೆಯೇ ಎಂದು ರಾಜಿ ಪತ್ರವನ್ನು ಓದಿಯೇ ಸಹಿ ಹಾಕಿ.