ಎಣ್ಣೆ ಬಿಟ್ಟರೆ ಕ್ಯಾನ್ಸರ್ ಗಡ್ಡೆ ಸೊರಗುತ್ತದೆಯೇ?

ಪ್ರಶ್ನೆ: ನಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಮೂರು ಕೀಮೋ ಆಗಿವೆ. ಕೊಬ್ಬು ತಯಾರಿಸುವ ಕಿಣ್ವದಿಂದ ಕ್ಯಾನ್ಸರ್ ಬೆಳೆಯುತ್ತದೆ ಎಂದು ಓದಿ ಎಣ್ಣೆ, ತುಪ್ಪ, ಶೇಂಗಾ ಎಲ್ಲ ನಿಲ್ಲಿಸಿದ್ದೇವೆ. ತೂಕ ಎರಡು ತಿಂಗಳಲ್ಲಿ 52ರಿಂದ 48 ಕೆ.ಜಿ.ಗೆ ಇಳಿದಿದೆ. ಬೊಜ್ಜಿನ ಆರ್ಲಿಸ್ಟ್ಯಾಟ್ ಮಾತ್ರೆ ಆ ಕಿಣ್ವವನ್ನು ತಡೆಯುತ್ತದಂತೆ, ಕೊಡಬಹುದೇ?
– ಓದುಗರು, ಗದಗ

ಉತ್ತರ: ಮಾತ್ರೆ ಬೇಡ. ಎಣ್ಣೆ, ಶೇಂಗಾ ಇವತ್ತೇ ಮತ್ತೆ ಶುರು ಮಾಡಿ. ನೀವು ಓದಿದ್ದು ಸುಳ್ಳಲ್ಲ, ಅದರಿಂದ ತೆಗೆದ ಅರ್ಥ ತಪ್ಪಿದೆ.

ಆ ಕಿಣ್ವ ಫ್ಯಾಟಿ ಆಸಿಡ್ ಸಿಂಥೇಸ್. ನಮ್ಮ ಹೆಚ್ಚಿನ ಜೀವಕೋಶಗಳು ಊಟದಿಂದ ರಕ್ತಕ್ಕೆ ಬಂದ ಕೊಬ್ಬನ್ನೇ ಬಳಸುತ್ತವೆ. ಯಕೃತ್ತು, ಹಾಲೂಡಿಸುವ ತಾಯಿಯ ಸ್ತನದಂಥ ಕೆಲವೇ ಕಡೆ ಈ ಕಿಣ್ವ ಜೋರಾಗಿ ದುಡಿಯುತ್ತದೆ. ಅನೇಕ ಕ್ಯಾನ್ಸರ್ ಕೋಶಗಳ ರೀತಿ ಬೇರೆ. ಒಂದು ಕೋಶ ಎರಡಾಗಲು ಹೊಸ ಪೊರೆ ಬೇಕು, ಪೊರೆಗೆ ಕೊಬ್ಬು ಬೇಕು. ಅದನ್ನು ಅವು ಬಹುಪಾಲು ಗ್ಲೂಕೋಸ್‌ನಿಂದ ತಾವೇ ಮಾಡಿಕೊಳ್ಳುತ್ತವೆ: ಗ್ಲೂಕೋಸ್‌ನಿಂದ ಸಿಟ್ರೇಟ್, ಅದರಿಂದ ಅಸಿಟೈಲ್ ಕೋಎ ಎಂಬ ಕಚ್ಚಾವಸ್ತು, ಕೊನೆಗೆ ಈ ಕಿಣ್ವ ಎರಡೆರಡೇ ಇಂಗಾಲ ಪೋಣಿಸಿ 16 ಇಂಗಾಲದ ಪಾಲ್ಮಿಟೇಟ್ ಎಂಬ ಕೊಬ್ಬಿನಾಮ್ಲ. ಹೀಗಾಗಿ ಒಗ್ಗರಣೆಗೆ ಎಣ್ಣೆ ಹಾಕದಿದ್ದರೂ ಗಡ್ಡೆಗೆ ಕೊರತೆಯಾಗದು, ಕರಗುವುದು ಅವ್ವನ ಸ್ನಾಯು. ಹಾಗೆಂದು ರೊಟ್ಟಿ, ಅನ್ನ ಬಿಡಿಸಲೂ ಹೋಗಬೇಡಿ. ಉಪವಾಸವಿದ್ದರೂ ಯಕೃತ್ತು ರಕ್ತದ ಗ್ಲೂಕೋಸನ್ನು ಕಾಯ್ದುಕೊಳ್ಳುತ್ತದೆ, ಅದಕ್ಕಾಗಿ ಸ್ನಾಯುವಿನ ಪ್ರೋಟೀನೂ ಕರಗುತ್ತದೆ.

ಆರ್ಲಿಸ್ಟ್ಯಾಟ್ ಪ್ರಯೋಗಾಲಯದಲ್ಲಿ ಈ ಕಿಣ್ವವನ್ನು ತಡೆಯುವುದು ನಿಜ. ಆದರೆ ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದು ಕರುಳಿನಲ್ಲೇ ಉಳಿದು ಊಟದ ಕೊಬ್ಬು ಜೀರ್ಣವಾಗದಂತೆ ಮಾಡುತ್ತದೆ. ಎಣ್ಣೆಯಂಥ ಭೇದಿಯಾಗುತ್ತದೆ, ಎ, ಡಿ, ಇ, ಕೆ ವಿಟಮಿನ್‌ಗಳು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕೀಮೋದಲ್ಲಿರುವವರಿಗೆ ಇದು ಅಪಾಯ.

ನನಗೆ ಚಿಂತೆಯಾಗಿರುವುದು ಆ ನಾಲ್ಕು ಕೆ.ಜಿ. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿದರೇ ಎಚ್ಚರಿಕೆ, ಇಲ್ಲಿ ಎರಡೇ ತಿಂಗಳಲ್ಲಿ ಶೇ. 8ರ ಹತ್ತಿರ. ಅನೇಕ ಕೀಮೋ ಔಷಧಗಳ ಪ್ರಮಾಣವನ್ನು ಎತ್ತರ, ತೂಕ ನೋಡಿ ಲೆಕ್ಕ ಹಾಕುತ್ತಾರೆ. ಮುಂದಿನ ಕೀಮೋಗೆ ಮೊದಲೇ ಡಾಕ್ಟರಿಗೆ ತಿಳಿಸಿ. ವಾರಕ್ಕೊಮ್ಮೆ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ.

48 ಕೆ.ಜಿ.ಯವರಿಗೆ ದಿನಕ್ಕೆ ಸುಮಾರು 1,200–1,450 ಕ್ಯಾಲೊರಿ, 50–70 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಒಂದು ಹಿಡಿ (30 ಗ್ರಾಂ) ಶೇಂಗಾದಲ್ಲಿ 7–8 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ ಪ್ರೋಟೀನ್ ಸಿಗುತ್ತದೆ. ಅಡುಗೆಗೆ ದಿನಕ್ಕೆ ನಾಲ್ಕೈದು ಚಹಾ ಚಮಚ ಎಣ್ಣೆ ಇರಲಿ. ಬಾಯಲ್ಲಿ ಹುಣ್ಣಾಗಿದ್ದರೆ ಖಾರದ ಶೇಂಗಾ ಚಟ್ನಿ ಬೇಡ, ಹುರಿದ ಶೇಂಗಾ ನುಣ್ಣಗೆ ಅರೆದು ಗಂಜಿಗೆ ಕಲಸಿ, ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಿ. ಎರಡು ಹೊತ್ತಿನ ದೊಡ್ಡ ಊಟಕ್ಕಿಂತ ಆರು ಸಲ ಸ್ವಲ್ಪ ಸ್ವಲ್ಪ ಸುಲಭ.

ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ತಪ್ಪಲ (ಸೊಪ್ಪು), ಮೊಳಕೆ ಹೆಸರುಕಾಳು ಇರಲೇಬೇಕು. ಕೀಮೋ ಆದ ಎರಡನೇ ವಾರದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಕಡಿಮೆಯಾಗಿರುತ್ತದೆ. ಆಗ ಇವನ್ನು ಚೆನ್ನಾಗಿ ಬೇಯಿಸಿಯೇ ಕೊಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.